ಸೂರ್ಯ ಹುಟ್ಟುವ ಮುಂಚಿನ ಮಳೆ

ನಮ್ಮ ಮಠದ ಹೆಬ್ಬಾಗಿಲು ದಾಟಿದರೆ ಬಲಗಡೆಯ ಗೋಡೆಗೆ ಒಂದು ಕರಿಹಲಗೆ ಇತ್ತು. ಅದರ ಮೇಲೆ ಆ ದಿನದ ವಾರ, ತಿಥಿ, ನಕ್ಷತ್ರ ಬರೆಯುವುದು ಎಂಟನೆಯ ವಯಸ್ಸಿನಿಂದ ನನ್ನ ಕೆಲಸವಾಗಿತ್ತು. ನಮ್ಮಪ್ಪ ವಿಜಾಪುರದ ಕಡೆಯಿಂದ ಕಾಶಿಗೆ ಬಂದು ಮಠದ ಉಗ್ರಾಣ ನೋಡಿಕೊಂಡಿದ್ದವರು. ನಾನು ಹುಟ್ಟಿ ಬೆಳೆದದ್ದು ಜಂಗಮವಾಡಿಯ ಗಲ್ಲಿಯಲ್ಲೇ. ಬಾಗಿಲ ಹೊರಗೆ ಹಿಂದಿ, ಒಳಗೆ ಕನ್ನಡ. ಊರಿಂದ ಬಂದು ಉಳಿದ ಮುದುಕಿಯರಿಗೆ ಕಾಗದ ಬರೆದುಕೊಟ್ಟು ಕೊಟ್ಟು ನನ್ನ ಕನ್ನಡ ಒಂದು ಹದಕ್ಕೆ ಬಂತು.

ಹಲಗೆಗೆ ಒಂದು ಕಟ್ಟಳೆ ಇತ್ತು. ಗಂಗೆಯ ಆಚೆ ದಡದಲ್ಲಿ ಸೂರ್ಯ ಮೇಲೆ ಬಂದನೆಂದು ಖಾತ್ರಿಯಾದ ಮೇಲೆಯೇ ಒದ್ದೆ ಬಟ್ಟೆ ತೆಗೆದುಕೊಂಡು ಹಿಂದಿನ ದಿನವನ್ನು ಒರೆಸಬೇಕು. ಒಮ್ಮೆ ಇನ್ನೂ ಕತ್ತಲಿರುವಾಗಲೇ ಒರೆಸಿಬಿಟ್ಟಿದ್ದೆ. ಪಂಚಾಂಗ ನೋಡುತ್ತಿದ್ದ ಹಿರಿಯರು ಕಿವಿ ಹಿಡಿದರು.

"ಸೋಮವಾರ ಇನ್ನೂ ಮುಗದಿಲ್ಲೋ ತಮ್ಮಾ. ಉಪಾಸ ಇದ್ದವ್ರು ಇದನ್ನ ನೋಡಿ ಊಟಕ್ಕ ಕುಂತ್ರ ಪಾಪ ಯಾರಿಗೆ ಹತ್ತತೈತಿ? ನಿನಗ."

ಅಂದಿನಿಂದ ದಿನ ಬದಲಾಗುವುದು ನನ್ನ ಕೈಯ ಒದ್ದೆ ಬಟ್ಟೆಯಿಂದ ಎಂಬುದು ಮೈಗೆ ಹತ್ತಿಹೋಯಿತು. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ನಾನು ಮಾಡಿದ ತಪ್ಪು ಹುಟ್ಟಿದ್ದು ಇಲ್ಲಿ. ಆದರೆ ಆಮೇಲೆ ಮಾಡಿದ್ದಕ್ಕೆ ಈ ಹಲಗೆಯನ್ನು ದೂರಲಾರೆ.

ಹೈಸ್ಕೂಲು ಪಾಸು ಮಾಡಿ ಎರಡು ಮೂರು ಕಡೆ ಅಲೆದ ಮೇಲೆ, ಎಪ್ಪತ್ತರ ದಶಕದ ನಡುವೆ, ಸಾರನಾಥದ ಆಚೆಗಿದ್ದ ಒಂದು ಸಣ್ಣ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಕಲು ಗುಮಾಸ್ತನ ಕೆಲಸ ಸಿಕ್ಕಿತು. ತಾತ್ಕಾಲಿಕ ಕೆಲಸ. ಅಲ್ಲಿ ಹೊಲದ ನಡುವೆ ಬೇಲಿ ಹಾಕಿದ ಒಂದು ಚೌಕವಿತ್ತು. ಬಿಳಿ ಬಣ್ಣದ ಮರದ ಪೆಟ್ಟಿಗೆಯಲ್ಲಿ ಉಷ್ಣಮಾಪಕಗಳು, ಗಾಳಿಯ ದಿಕ್ಕು ತೋರಿಸುವ ಬಾಣ, ಮಳೆ ಅಳೆಯುವ ಎರಡು ಸಾಧನ. ಮೊದಲನೆಯದು ಬರಿಯ ಪಾತ್ರೆ: ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ರಿಜಿಸ್ಟರಿನಲ್ಲಿ ಬರೆಯಬೇಕು. ಎರಡನೆಯದು ತನ್ನಷ್ಟಕ್ಕೆ ತಾನೇ ಬರೆದುಕೊಳ್ಳುವ ಯಂತ್ರ. ಅದರೊಳಗೆ ಗಡಿಯಾರದಂತೆ ತಿರುಗುವ ಡಬ್ಬಿಗೆ ಗೆರೆಹಾಕಿದ ಕಾಗದ ಸುತ್ತಿರುತ್ತಿತ್ತು. ಮಳೆ ಬಂದಂತೆ ಮಸಿಯ ಮುಳ್ಳು ಮೇಲೇರುತ್ತದೆ, ಮಳೆ ನಿಂತರೆ ಗೆರೆ ಅಡ್ಡಕ್ಕೆ ಓಡುತ್ತದೆ. ಆ ಕಾಗದವನ್ನೂ ಬೆಳಿಗ್ಗೆ ಎಂಟೂವರೆಗೆ ಬದಲಾಯಿಸಬೇಕು. ಅಂದರೆ ಒಂದು ಕಾಗದದಲ್ಲಿ ಇವತ್ತಿನ ಎಂಟೂವರೆಯಿಂದ ನಾಳೆಯ ಎಂಟೂವರೆಯವರೆಗಿನ ಮಳೆ.

ನನ್ನ ಕೆಲಸ ಹತ್ತು ವರ್ಷದ ಆ ಕಾಗದಗಳನ್ನು ಒಂದೊಂದಾಗಿ ಬಿಡಿಸಿ, ಯಾವ ಗಂಟೆಯಲ್ಲಿ ಎಷ್ಟು ಮಳೆಯೆಂದು ಗೆರೆ ನೋಡಿ ಹೇಳುವುದು. ಅದನ್ನು ಚೌಕುಳಿ ಹಾಳೆಯ ಮೇಲೆ ತುಂಬುವುದು, ಆಮೇಲೆ ಕಂಪ್ಯೂಟರ್ ಓದುವ ಕಾರ್ಡುಗಳಲ್ಲಿ ಆ ಅಂಕಿಗಳನ್ನು ತೂತು ಹಾಕಿಸುವುದು. ಒಂದು ಕಾರ್ಡಿಗೆ ಎಂಬತ್ತು ಕಾಲಂ, ಕಾಲಂಗೊಂದು ಅಂಕಿ. ಕೇಂದ್ರದ ಸಂಖ್ಯೆ ಮತ್ತು ತಾರೀಕಿಗೆ ಎಂಟು, ಉಳಿದ ಎಪ್ಪತ್ತೆರಡರಲ್ಲಿ ಇಪ್ಪತ್ತನಾಲ್ಕು ಗಂಟೆಗೆ ಮೂರು ಮೂರು. ಒಂದು ಕಾಲಂ ಕೂಡ ಮಿಗುತ್ತಿರಲಿಲ್ಲ. ರಿಜಿಸ್ಟರಿನ ಅಂಕಿಗಳಿಗೆ ಬೇರೆ ಕಾರ್ಡು. ಕಂಪ್ಯೂಟರ್ ಇದ್ದದ್ದು ಊರಿನ ಇನ್ನೊಂದು ತುದಿಯ ಒಂದು ಸಂಸ್ಥೆಯಲ್ಲಿ, ಒಂದು ಕೋಣೆಯ ತುಂಬ. ತೂತು ಹಾಕುವ ಯಂತ್ರವೂ ಅಲ್ಲೇ. ಕಾರ್ಡಿನ ಡಬ್ಬಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಸೈಕಲ್ ರಿಕ್ಷಾದಲ್ಲಿ ನಾನೇ ಒಯ್ಯುತ್ತಿದ್ದೆ. ಹವಾಮಾನದ ಅಂಕಿಗಳಿಗೆಂದೇ ಯಾರೋ ಬರೆದುಕೊಟ್ಟ ಪ್ರೋಗ್ರಾಂ ಒಂದಿತ್ತು. ಅದೂ ಕಾರ್ಡಿನ ಕಟ್ಟೇ. ಯಾವ ತಿಂಗಳು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಕೇಳಿದರೆ ಅಷ್ಟನ್ನು ಮಾತ್ರ ಆಯ್ದು, ಕೂಡಿಸಿ, ಮಡಿಕೆ ಮಡಿಕೆಯಾದ ಅಗಲ ಕಾಗದದ ಮೇಲೆ ಚಿತ್ರದಂತೆ ಮುದ್ರಿಸಿ ಕೊಡುತ್ತಿತ್ತು.

ಹಾಳೆ ತುಂಬುವ ಆ ತಿಂಗಳುಗಳ ದಣಿವು ಇಂದಿಗೂ ಕಣ್ಣಿನ ಹಿಂದೆ ಕೂತಿದೆ. ಮಸಿಯ ಗೆರೆ ನೋಡಿ ನೋಡಿ, ಮನೆಗೆ ಬಂದು ಗೋಡೆ ನೋಡಿದರೂ ಅಲ್ಲಿ ಗೆರೆ ಏರುತ್ತಿತ್ತು. ಕೇಂದ್ರದ ಮುಖ್ಯಸ್ಥರಾದ ಸಾಹೇಬರು ಕೊಟ್ಟ ಸೂಚನೆಯ ಹಾಳೆಯಲ್ಲಿ ಹನ್ನೆರಡು ಅಂಶಗಳಿದ್ದವು. ಅದರಲ್ಲೊಂದು, ಮಧ್ಯರಾತ್ರಿ ದಾಟಿದ ಗಂಟೆಗಳನ್ನು ಮುಂದಿನ ತಾರೀಕಿನ ಸಾಲಿನಲ್ಲಿ ಬರೆಯಬೇಕು ಎಂಬುದು. ನಾನು ಅದನ್ನು ಓದಿದ್ದೆ. ಓದಿಯೂ ಕೈ ತನ್ನ ರೂಢಿಯಲ್ಲೇ ನಡೆಯಿತು. ನಸುಕಿನ ಮೂರು ಗಂಟೆಯ ಮಳೆಯನ್ನು ಕಾಗದದ ತಲೆಯ ಮೇಲಿದ್ದ ತಾರೀಕಿಗೇ, ಅಂದರೆ ಹಿಂದಿನ ದಿನಕ್ಕೇ, ಹಾಕಿದೆ. ಸೂರ್ಯ ಹುಟ್ಟಿದ ಮೇಲಿನದನ್ನು ಮುಂದಿನ ದಿನಕ್ಕೆ ಹಾಕಿದೆ. ಹತ್ತು ಮಳೆಗಾಲಕ್ಕೂ ಹೀಗೇ ಮಾಡಿದೆ. ಒಂದು ದಿನವೂ ಕೈ ತಡೆಯಲಿಲ್ಲ.

ಆ ಹತ್ತು ಮಳೆಗಾಲ ಬೆಳಿಗ್ಗೆ ಎಂಟೂವರೆಗೆ ಹಾಜರಿದ್ದವರು ಒಬ್ಬರೇ. ವರುಣಾ ನದಿಯ ಆಚೆಯ ಹಳ್ಳಿಯವರು, ಐವತ್ತು ದಾಟಿದವರು, ತೆಳ್ಳಗಿನ ಮನುಷ್ಯ. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಅಂಕಿ ಬರೆಯಲು ಬರುತ್ತಿತ್ತು. ಅಕ್ಷರದಲ್ಲಿ ತಮ್ಮ ಹೆಸರಿನ ಮೊದಲನೆಯದೊಂದು. ಕಾಗದ ಬದಲಾಯಿಸಿದಾಗೆಲ್ಲ ಅದರ ಮೂಲೆಯಲ್ಲಿ ಹಾಕಿದ ಹೊತ್ತು, ತೆಗೆದ ಹೊತ್ತು ಬರೆದು, ಕೆಳಗೆ ಪೆನ್ಸಿಲಿನಿಂದ ಆ ಒಂದು ಅಕ್ಷರ ಹಾಕುತ್ತಿದ್ದರು. ಅವರೂ ತಾತ್ಕಾಲಿಕವೇ. ಆದರೆ ಕಾಯಂ ಮಾಡಬೇಕಾದವರ ಪಟ್ಟಿಯಲ್ಲಿ ಅವರ ಹೆಸರು ಮೊದಲಿತ್ತು. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದು, ಕೈ ಮಾತ್ರ ತೊಳೆದು, ಗಾಜಿನ ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಿದ್ದರು.

"ಮಗಳ ಮದುವೆಯ ಮರುದಿನವೂ ಬಂದಿದ್ದೆ ಬಾಬು," ಎಂದು ನನಗೆ ಒಮ್ಮೆ ಹೇಳಿದ್ದರು. "ಬೀಗರು ಕೇಳಿದರು, ಎಲ್ಲಿಗೆ ಹೊರಟಿರಿ ಅಂತ. ಮಳೆಯನ್ನ ಮನೆಗೆ ಕರಕೊಳ್ಳಬೇಕು, ಹೊರಗೆ ನಿಂತಿದೆ ಅಂದೆ. ಹುಚ್ಚ ಅಂದುಕೊಂಡರು."

ಮೊದಲ ನಕ್ಷೆ ಬಂದದ್ದು ತುರ್ತು ಪರಿಸ್ಥಿತಿಯ ದಿನಗಳಲ್ಲಿ. ಹೊತ್ತಿಗೆ ಸರಿಯಾಗಿ ಬರಬೇಕೆಂಬುದು ಆಗ ಎಲ್ಲ ಕಚೇರಿಗಳ ಗೋಡೆಯ ಮೇಲಿತ್ತು. ಸಾಹೇಬರು ಅಗಲ ಕಾಗದವನ್ನು ಮೇಜಿನ ಮೇಲೆ ಹರಡಿ ಚಾಚಾನನ್ನು ಕರೆಸಿದರು. ನಾನು ಪಕ್ಕದಲ್ಲಿ ನಿಂತಿದ್ದೆ.

"ಇದನ್ನು ನೋಡು. ನಕ್ಷತ್ರದ ಗುರುತು ಯಂತ್ರ ಅಳೆದ ಮಳೆ, ಹಿಂದಿನ ದಿನದ ಎಂಟೂವರೆಯಿಂದ ಆ ದಿನದ ಎಂಟೂವರೆಯವರೆಗೆ ಕೂಡಿಸಿದ್ದು. ಸೊನ್ನೆ ನೀನು ರಿಜಿಸ್ಟರಿನಲ್ಲಿ ಬರೆದದ್ದು. ಎರಡೂ ಒಂದರ ಮೇಲೊಂದು ಕೂರಬೇಕು."

ಚಾಚಾ ಬಾಗಿ ನೋಡಿದರು. "ಕೂತಿವೆಯಲ್ಲ ಸಾಹೇಬ್."

"ಹಗಲು ಮಳೆ ಬಂದಾಗ ಕೂತಿವೆ. ರಾತ್ರಿ ಕಳೆದ ಮೇಲಿನ ಮಳೆಗೆ ನೋಡು. ಇಲ್ಲಿ, ಇಲ್ಲಿ, ಇಲ್ಲಿ. ನಕ್ಷತ್ರ ಹನ್ನೊಂದಕ್ಕೆ, ನಿನ್ನ ಸೊನ್ನೆ ಹನ್ನೆರಡಕ್ಕೆ. ಹತ್ತು ವರ್ಷವೂ ಹೀಗೆ. ನಸುಕಿನಲ್ಲಿ ಮಳೆ ಹೊಡೆದ ಬೆಳಿಗ್ಗೆ ನೀನು ಬರುವುದೇ ಇಲ್ಲ. ಮರುದಿನ ಬಂದು ಅಳೆದು ಬರೆಯುತ್ತೀಯ. ದಾರಿಯಲ್ಲಿ ಕೆಸರು ಅಲ್ಲವೇ?"

"ಹಮ್ ತ ರೋಜ್ ಆವತ್ ರಹಲೀಂ, ಸಾಹೇಬ್," ಎಂದರು ಚಾಚಾ. ನಾನು ದಿನಾ ಬರುತ್ತಿದ್ದೆ ಎಂದು ಅಷ್ಟೇ. ದನಿ ಏರಿಸಲಿಲ್ಲ.

"ಕಂಪ್ಯೂಟರಿಗೆ ನಿನ್ನ ಮೇಲೆ ಹಗೆ ಇದೆಯೇನು? ಅದಕ್ಕೆ ನಿನ್ನ ಮುಖವೇ ಗೊತ್ತಿಲ್ಲ."

ಚಾಚಾ ಆಗ ನನ್ನ ಕಡೆ ತಿರುಗಿದರು. "ಈ ಬಾಬು ಎಲ್ಲ ಕಾಗದ ನೋಡಿದ್ದಾರೆ ಸಾಹೇಬ್. ಕೇಳಿ."

ಸಾಹೇಬರು ಕೇಳಿದರು. ನಾನು ಹೇಳಿದ್ದು ಇಷ್ಟು: "ಕಾಗದದಲ್ಲಿ ಇದ್ದಂತೆಯೇ ತುಂಬಿದ್ದೇನೆ ಸಾಹೇಬ್."

ಆ ಹೊತ್ತಿಗೆ ಅದು ನಿಜವೆಂದೇ ನನ್ನ ನಂಬಿಕೆ. ಆದರೆ ನಾನು ಹೇಳದೆ ಬಿಟ್ಟದ್ದೂ ಇತ್ತು. ಪ್ರತಿಯೊಂದು ಕಾಗದದ ಮೂಲೆಯಲ್ಲೂ ಎಂಟೂವರೆಯ ಗುರುತಿದೆ, ಆ ಒಂದು ಅಕ್ಷರವಿದೆ, ಒಂದು ದಿನ ತಪ್ಪಿದ್ದರೆ ಅದೇ ಕಾಗದದ ಮೇಲೆ ಗೆರೆ ಎರಡನೆಯ ಸುತ್ತು ಓಡಿರಬೇಕಿತ್ತು, ಅಂಥದೊಂದನ್ನೂ ನಾನು ಕಂಡಿಲ್ಲ. ಸಾವಿರಾರು ಕಾಗದ ಬಿಡಿಸಿದ ನಾನೊಬ್ಬನೇ ಇದನ್ನು ಹೇಳಬಲ್ಲವನಾಗಿದ್ದೆ. ಕಾಗದಗಳೆಲ್ಲ ಕಟ್ಟಿ ಉಗ್ರಾಣ ಸೇರಿದ್ದವು. ಹೇಳಿದರೆ ಮತ್ತೆ ಬಿಡಿಸು ಎನ್ನುತ್ತಾರೆ. ಮತ್ತೆ ಆ ಗೆರೆಗಳು, ಮತ್ತೆ ಆ ಹಾಳೆಗಳು. ನನಗೆ ಸಾಕಾಗಿತ್ತು. ಒಬ್ಬ ಮನುಷ್ಯನ ಹತ್ತು ವರ್ಷದ ಬೆಳಗುಗಳು ಹೋದದ್ದು ಮೊದಲು ನನ್ನ ಸುಸ್ತಿಗೆ.

ಕಾಯಂ ಪಟ್ಟಿಯಿಂದ ಚಾಚಾನ ಹೆಸರು ಹೋಯಿತು. ಅವರನ್ನು ಅದೇ ಕೇಂದ್ರದ ಹೊಲದ ಪಂಪಿನ ಮನೆಗೆ ದಿನಗೂಲಿಗೆ ಹಾಕಿದರು. ಬೇಲಿಯೊಳಗೆ ಕಾಲಿಡಬಾರದೆಂದು ಹೇಳಿದರು. ತಿಂಗಳೊಳಗೆ ಸಾಹೇಬರು ನನ್ನನ್ನು ಕರೆದು, ಬೆಳಗಿನ ಅಳತೆ ನೀನೇ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದರು. ಹೈಸ್ಕೂಲು ಪಾಸಾದವನು, ಕಾಗದಗಳ ಪರಿಚಯ ಇದ್ದವನು. ವೀಕ್ಷಕನ ಹುದ್ದೆ ನನ್ನದಾಯಿತು, ಆರು ತಿಂಗಳಲ್ಲಿ ಕಾಯಂ ಆಯಿತು. ಮನೆಯಲ್ಲಿ ಹೆಂಡತಿ ಹೋಳಿಗೆ ಮಾಡಿದಳು. ನಾನು ತಿಂದೆ.

ಮಗಳು ಹುಟ್ಟಿದ್ದು ಅದರ ಮುಂದಿನ ಚಳಿಗಾಲದಲ್ಲಿ, ನಸುಕಿನ ಮೂರೂವರೆಗೆ. ಆಸ್ಪತ್ರೆಯ ಚೀಟಿಯಲ್ಲಿ ಮಂಗಳವಾರವೆಂದು ಬರೆದಿತ್ತು. ಮಠದಲ್ಲಿ ಹಿರಿಯರು ಪಂಚಾಂಗ ತಿರುವಿ ತೀರ್ಪು ಕೊಟ್ಟರು: "ಸೂರ್ಯ ಹುಟ್ಟೂಕಿಂತ ಮೊದ್ಲ ಹುಟ್ಟ್ಯಾಳ. ಅಂದ್ರ ಸೋಮವಾರನ. ಶಿವನ ವಾರ, ಛಲೋ ಆತು."

ಹೆಂಡತಿಗೆ ಸಮಾಧಾನವಿಲ್ಲ. ಅವಳೂ ಕಾಶಿಯಲ್ಲೇ ಬೆಳೆದವಳು, ಅವಳ ಕನ್ನಡದಲ್ಲಿ ಹಿಂದಿ ಅರ್ಧ.

"ಏನ್ರೀ, ಅಸ್ಪತಾಲ್‌ನವ್ರು ಪರ್ಚಿ ಮ್ಯಾಲೆ ಮಂಗಳವಾರ ಬರದಾರ. ನಾಳೆ ಗಂಡಿನ ಕಡೆಯವ್ರು ಮಂಗಳವಾರದ ಹೆಣ್ಣು ಅಂದ್ರ ಏನ್ ಮಾಡ್ತೀರಿ? ಹೋಗಿ ಠೀಕ್ ಮಾಡಿಸ್ಕೊಂಡ್ ಬರ್ರಿ."

"ಇನ್ನೂ ಕಣ್ಣು ಬಿಟ್ಟಿಲ್ಲ ಅದು, ಗಂಡಿನ ಕಡೆಯವ್ರು ಎಲ್ಲಿಂದ ಬಂದ್ರು?"

"ನೀವು ಹೋಗ್ರಿ ಸುಮ್ನ."

ಹೋದೆ. ಆಸ್ಪತ್ರೆಯ ದಾಖಲೆ ಬರೆಯುವ ಗುಮಾಸ್ತ ಬಾಯಲ್ಲಿ ಪಾನ್ ತುಂಬಿಕೊಂಡಿದ್ದ, ಬನಾರಸಿನ ಅಪ್ಪಟ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ, ಎದ್ದು ಹೋಗಿ ಉಗುಳಿ ಬಂದ.

"ಕಾ ಗುರು, ಮೂರೂವರೆ ಸೋಮವಾರವೇ?"

"ಸೂರ್ಯ ಹುಟ್ಟಿರಲಿಲ್ಲವಲ್ಲ."

"ಸೂರ್ಯ ನಿಮ್ಮ ಮನೆಯಲ್ಲಿ ಹುಟ್ಟಲಿ, ಘಾಟಿನಲ್ಲಿ ಹುಟ್ಟಲಿ. ನನ್ನ ರಿಜಿಸ್ಟರಿನಲ್ಲಿ ತಾರೀಕು ಹನ್ನೆರಡು ಹೊಡೆದಾಗ ಹುಟ್ಟುತ್ತದೆ. ನೀವು ಎಲ್ಲಿ ಕೆಲಸ?"

ಹೇಳಿದೆ. ಮಳೆಯ ದಾಖಲೆ ಎಂದೆ.

ಅವನು ಪಕ್ಕದವನಿಗೆ ಕಣ್ಣು ಹೊಡೆದ. "ಕೇಳಿದೆಯಾ? ಗುರು ಸರಕಾರಕ್ಕೆ ಮಳೆ ಬರೆದುಕೊಡುತ್ತಾರಂತೆ. ಇವರ ಲೆಕ್ಕದಲ್ಲಿ ಬರೆದರೆ ನಾಳೆಯ ಮಳೆ ನಿನ್ನೆಯೇ ಬಿದ್ದುಹೋಗಿರುತ್ತದೆ."

ಇಬ್ಬರೂ ನಕ್ಕರು. ನಾನೂ ನಗಲು ಬಾಯಿ ತೆರೆದೆ. ಆ ಕಿಟಕಿಯ ಎದುರು, ಕೈಯಲ್ಲಿ ಮಗಳ ಚೀಟಿ ಹಿಡಿದುಕೊಂಡು ನಿಂತಿದ್ದಾಗ, ನಕ್ಷತ್ರ ಹನ್ನೊಂದಕ್ಕೆ, ಸೊನ್ನೆ ಹನ್ನೆರಡಕ್ಕೆ ಎಂಬ ಸಾಹೇಬರ ಮಾತು ಕಿವಿಯಲ್ಲಿ ಕೇಳಿಸಿತು. ಅಲ್ಲೇ ಬೆಂಚಿನ ಮೇಲೆ ಕೂತೆ. ಯಾರೋ ನೀರು ಕೊಟ್ಟರು. ಮಗು ಹುಟ್ಟಿದ ಸಂತೋಷಕ್ಕೆ ತಲೆ ಸುತ್ತಿರಬೇಕೆಂದು ಅವರೇ ಹೇಳಿಕೊಂಡರು.

ಮರುದಿನ ಉಗ್ರಾಣಕ್ಕೆ ಹೋಗಿ ಒಂದು ಕಟ್ಟು ಬಿಡಿಸಿ ನನ್ನ ಹಾಳೆಯ ಜೊತೆ ಇಟ್ಟು ನೋಡಿದೆ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಚಾಚಾ ದಿನಾ ಬಂದಿದ್ದರು. ನಸುಕಿನಲ್ಲಿ ಸುರಿದದ್ದನ್ನು ಅದೇ ಬೆಳಿಗ್ಗೆ ಅಳೆದಿದ್ದರು. ಅವರ ಮಳೆಯನ್ನು ಒಂದು ದಿನ ಹಿಂದಕ್ಕೆ ಎಳೆದವನು ನಾನು.

ಸಾಹೇಬರ ಕೋಣೆಗೆ ಇಪ್ಪತ್ತು ಹೆಜ್ಜೆ. ಹೇಳಿದರೆ ತಾತ್ಕಾಲಿಕ ಗುಮಾಸ್ತನ ತಪ್ಪಿನಿಂದ ಕಾಯಂ ಆದ ವೀಕ್ಷಕನ ಗತಿ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ಹಸುಗೂಸು ಇತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಚಾಚಾನ ಮನೆಯಲ್ಲೂ ಜನ ಇದ್ದರು. ಈಗ ಆ ಮಾತನ್ನು ಹೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ.

ನಾನು ಮಾಡಿದ್ದು ಬೇರೆ. ಆ ಬೇಸಿಗೆಯಲ್ಲಿ ಸಾಹೇಬರಿಗೆ ವರ್ಗವಾಯಿತು. ಹೊಸಬರಿಗೆ, ತೂತು ಹಾಕುವಾಗ ಕೆಲವು ತಪ್ಪಾಗಿವೆ, ತಿದ್ದಬೇಕು ಎಂದೆ. ತಿದ್ದಿ ಎಂದರು, ಯಾವುದೆಂದು ಕೇಳಲಿಲ್ಲ. ರಜೆಯ ದಿನಗಳಲ್ಲೂ ಹೋಗಿ, ಒಂದರಿಂದ ಐದು ಗಂಟೆಯ ಅಂಕಿಗಳನ್ನೆಲ್ಲ ಒಂದು ದಿನ ಮುಂದಕ್ಕೆ ಸರಿಸಿ, ಹತ್ತು ಮಳೆಗಾಲದ ಕಾರ್ಡುಗಳನ್ನು ಮತ್ತೆ ಮಾಡಿಸಿದೆ. ಹಳೆಯ ಕಾರ್ಡುಗಳನ್ನು ಗಲ್ಲಿಯ ಕಡಲೆಕಾಯಿ ಮಾರುವವನಿಗೆ ಕೊಟ್ಟೆ. ಪ್ರೋಗ್ರಾಂ ಮತ್ತೆ ಓಡಿತು. ನಕ್ಷತ್ರ ಮತ್ತು ಸೊನ್ನೆ ಒಂದರ ಮೇಲೊಂದು ಕೂತವು. ಎಲ್ಲೋ ಅಲ್ಲೊಂದು ಇಲ್ಲೊಂದು ಕೂದಲೆಳೆಯ ವ್ಯತ್ಯಾಸ.

ಆ ನಕ್ಷೆ ಕೇಂದ್ರದ ವರದಿಯಲ್ಲಿ ಅಚ್ಚಾಯಿತು. ಎರಡು ಅಳತೆಗಳೂ ಚೆನ್ನಾಗಿ ಹೊಂದಿವೆ ಎಂದು ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಚಾಚಾ ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಒಂದು ಪ್ರತಿ ಪಂಪಿನ ಮನೆಯ ಕಿಟಕಿಯಲ್ಲೂ ಬಿದ್ದಿರುವುದನ್ನು ಕಂಡೆ. ಯಾರೋ ಬೀಡಿ ಕಟ್ಟು ಇಡಲು ತಂದಿದ್ದರು. ಅಂಕಿಗಳು ಸರಿಯಾದವು, ಇನ್ನೇನು, ಎಂದು ನಾನು ಸಮಾಧಾನ ಮಾಡಿಕೊಂಡೆ. ಅಂಕಿಗಳಿಗೆ ನ್ಯಾಯ ಸಿಕ್ಕಿತು, ಅದೂ ಗುಟ್ಟಾಗಿ.

ಇನ್ನು ನನ್ನ ಬೆಳಗುಗಳು. ಜಂಗಮವಾಡಿಯಿಂದ ಅಲ್ಲಿಗೆ ಸೈಕಲ್ಲಿನಲ್ಲಿ ಒಂದು ತಾಸಿಗೆ ಹೆಚ್ಚು ಹಿಡಿಯುತ್ತಿತ್ತು. ಮೊದಲ ವರ್ಷ ಸರಿಯಾಗಿ ಹೋದೆ. ಆಮೇಲೆ ಮಳೆ ಬಿದ್ದ ದಿನ ಒಂಬತ್ತು, ಒಂಬತ್ತೂವರೆ. ಎರಡು ಸಲ ಹೋಗಲೇ ಇಲ್ಲ, ಮರುದಿನ ಅಳೆದು ಎರಡು ದಿನಕ್ಕೂ ಹಂಚಿ ಬರೆದೆ. ಚಾಚಾನ ಮೇಲೆ ಹೊರಿಸಿದ್ದನ್ನು ನಾನು ನಿಜವಾಗಿ ಮಾಡಿದೆ. ಮಳೆ ಬಂದ ಬೆಳಿಗ್ಗೆ ಅವರು ಪಂಪಿನ ಮನೆಯಿಂದ ಬಂದು ಬೇಲಿಯ ಆಚೆ ನಿಂತಿರುತ್ತಿದ್ದರು. "ಎಷ್ಟಾಯಿತು ಬಾಬು?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ತಲೆಯಾಡಿಸಿ, ತಮ್ಮ ಅಂದಾಜೂ ಅಷ್ಟೇ ಇತ್ತೆಂದೋ, ಸ್ವಲ್ಪ ಹೆಚ್ಚಿತ್ತೆಂದೋ ಹೇಳಿ ಹೋಗುತ್ತಿದ್ದರು.

ಆ ದಶಕ ಮುಗಿಯುತ್ತಿದ್ದ ಒಂದು ಶ್ರಾವಣ. ನಸುಕಿನಿಂದ ಸುರಿಯುತ್ತಿತ್ತು. ಸೇತುವೆಯ ಬಳಿ ನೀರು ನಿಂತು ಸೈಕಲ್ ಹೊತ್ತುಕೊಂಡು ದಾಟಬೇಕಾಯಿತು. ಕೇಂದ್ರ ಮುಟ್ಟಿದಾಗ ಹತ್ತು ದಾಟಿತ್ತು, ಮಳೆ ಇನ್ನೂ ನಿಂತಿರಲಿಲ್ಲ. ಚಾಚಾ ಗೋಣಿಚೀಲ ತಲೆಗೆ ಹಾಕಿಕೊಂಡು ಬೇಲಿಯ ಒಳಗೆ ನಿಂತಿದ್ದರು. ಒಳಗೆ ಕಾಲಿಡಬಾರದೆಂದು ಹೇಳಿದ ಮೇಲೆ ಇದೇ ಮೊದಲ ಸಲ.

"ಬೈಯಬೇಡಿ ಬಾಬು. ಎಂಟೂವರೆಗೆ ನೀವು ಬರಲಿಲ್ಲ. ಮಳೆ ನಿಲ್ಲುವ ಹಾಗಿರಲಿಲ್ಲ. ಇಪ್ಪತ್ತಮೂರು ಪಾಯಿಂಟ್ ನಾಲ್ಕು. ಕಾಗದವೂ ಬದಲಾಯಿಸಿದ್ದೇನೆ. ಮುಳ್ಳಿಗೆ ಮಸಿ ಹಾಕಿದ್ದೇನೆ."

ಸೈಕಲ್ಲನ್ನು ಬೇಲಿಗೆ ಒರಗಿಸಿದೆ. "ಚಾಚಾ, ಆ ನಕ್ಷತ್ರದ ಕಾಗದ ಇತ್ತಲ್ಲ, ಸಾಹೇಬರು ತೋರಿಸಿದ್ದು. ಅದರಲ್ಲಿ..."

"ಬಿಡಿ ಬಾಬು. ಮೆಷಿನ್ ಯಾಕೆ ಸುಳ್ಳು ಹೇಳುತ್ತದೆ? ನಾನೇ ಬಂದಿರಲಿಕ್ಕಿಲ್ಲ." ಅವರು ಗೋಣಿಚೀಲದ ನೀರು ಹಿಂಡಿದರು. "ಮೊದಮೊದಲು ರೋಜ್ ಕೂತು ನೆನೆಸಿಕೊಳ್ಳುತ್ತಿದ್ದೆ. ಈ ಮಳೆಗೆ ಬಂದಿದ್ದೆ, ಆ ಮಳೆಗೆ ಬಂದಿದ್ದೆ, ಮಗಳ ಮದುವೆಯ ಮರುದಿನವೂ ಬಂದಿದ್ದೆ ಅಂತ. ಈಗ ನೆನೆಸಿದರೆ ಅರ್ಧ ಬೆಳಗುಗಳು ಸಿಗುವುದೇ ಇಲ್ಲ. ಮನೆಯಲ್ಲೇ ಮಲಗಿದ್ದೆನೋ ಏನೋ. ಮನುಷ್ಯನಿಗೆ ತನ್ನ ಮೇಲೆ ಎಷ್ಟು ನಂಬಿಕೆ ಇರಬೇಕು, ಹೇಳಿ?"

ಆ ಘಳಿಗೆ ಒಂದು ಮಾತು ಸಾಕಿತ್ತು. ನೀವು ಬಂದಿದ್ದಿರಿ ಚಾಚಾ, ದಿನಾ ಬಂದಿದ್ದಿರಿ ಎಂಬ ಒಂದು ಮಾತು. ಕೆಲಸ ಹೋಗುತ್ತಿರಲಿಲ್ಲ, ಕೇಳಲು ಅಲ್ಲಿ ಇನ್ಯಾರೂ ಇರಲಿಲ್ಲ. ಹೇಳಲಿಲ್ಲ. ಒದ್ದೆ ಬಟ್ಟೆ, ಚಳಿ, ಸೈಕಲ್ ಹೊತ್ತ ಭುಜದ ನೋವು. ಇವನ್ನೆಲ್ಲ ಲೆಕ್ಕಕ್ಕೆ ತರುವಷ್ಟು ನಾಚಿಕೆಗೆಟ್ಟಿದ್ದೆ.

"ಬರೆಯಿರಿ ಬಾಬು, ಮರೆತುಹೋದೀತು."

ಶೆಡ್ಡಿನೊಳಗೆ ಹೋಗಿ ರಿಜಿಸ್ಟರಿನಲ್ಲಿ 23.4 ಎಂದು ಬರೆದೆ. ಸಮಯದ ಕಾಲಂನಲ್ಲಿ ಎಂಟೂವರೆ. ನನ್ನ ಸಹಿ ಹಾಕಿದೆ. ಅವರು ತೆಗೆದಿಟ್ಟ ಹಳೆಯ ಕಾಗದ ಮೇಜಿನ ಮೇಲಿತ್ತು. ನಸುಕಿನ ಗೆರೆ ಕಡಿದಾಗಿ ಏರಿತ್ತು. ಮೂಲೆಯಲ್ಲಿ ತೆಗೆದ ಹೊತ್ತು, ಅದರ ಕೆಳಗೆ ರೂಢಿ ತಪ್ಪದೆ ಪೆನ್ಸಿಲಿನ ಆ ಒಂದು ಅಕ್ಷರ.

ನಾನು ಅದನ್ನು ನೋಡುತ್ತಿರುವುದನ್ನು ಅವರು ಬಾಗಿಲಿನಿಂದ ಕಂಡರು.

"ಅರೇ, ಕೈ ತಪ್ಪಿ ಹಾಕಿಬಿಟ್ಟೆ. ಅಳಿಸಿಬಿಡಿ ಬಾಬು. ಯಾರಾದರೂ ನೋಡಿದರೆ ನಿಮಗೆ ತೊಂದರೆ."

ಡ್ರಾಯರಿನಿಂದ ರಬ್ಬರು ತೆಗೆದೆ. ಕಾಗದ ಒದ್ದೆಯಾಗಿತ್ತು, ಹರಿಯದಂತೆ ಮೆಲ್ಲಗೆ ಉಜ್ಜಬೇಕಾಯಿತು. ಅವರು ನೋಡುತ್ತಲೇ ನಿಂತಿದ್ದರು. ಪೂರ್ತಿ ಹೋದ ಮೇಲೆ ಆ ಜಾಗದಲ್ಲಿ ನನ್ನ ಸಹಿ ಹಾಕಿದೆ.